ಎದೆಗುಂದಬೇಡಿ ಎನ್ನುವವರು

ಸಾಂತ್ವನ ಹೇಳುವವರಿಗೆ ಕನ್ನಡದಲ್ಲಿ ಒಂದು ಸಿದ್ಧ ಶಬ್ದವಿದೆ: ಎದೆಗುಂದಬೇಡಿ. ಬಸ್ಸು ತಪ್ಪಿದವನಿಗೂ ಅದೇ, ಪರೀಕ್ಷೆಯಲ್ಲಿ ನಪಾಸಾದವನಿಗೂ ಅದೇ. ಹಾನಗಲ್ಲಿನ ಶಾಲೆಯಲ್ಲಿ ಸಮಾಸ ಬಿಡಿಸುವುದನ್ನು ಕಲಿಸಿಯೇ ಹೊಟ್ಟೆ ಹೊರೆಯುವ ನಾನು ಆ ಶಬ್ದವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ತಿಳವಳ್ಳಿಯ ಸೋದರತ್ತೆ ಬಂದು ನನ್ನ ಮಗ ಪ್ರವೀಣನ ಬೆನ್ನು ಸವರಿ, “ಎದಿಗುಂದಬ್ಯಾಡಪಾ ತಮ್ಮಾ” ಎಂದಾಗ ಬಿಡಿಸಬೇಕಾಯಿತು. ಹದಿನಾಲ್ಕರ ಪ್ರವೀಣನಿಗೆ ಎದೆಯ ನಡುವಿನ ಎಲುಬು ಒಳಕ್ಕೆ ಸರಿದು ತಗ್ಗು ಬಿದ್ದಿದೆ. ಎದೆ ಕುಂದಿಯೇ ಹುಟ್ಟಿದವನಿಗೆ ಕುಂದಬೇಡ ಎಂದರೆ ಅವನಾದರೂ ಏನು ಮಾಡಬೇಕು, ವ್ಯಾಕರಣವಾದರೂ ಏನು ಮಾಡಬೇಕು?

ಅತ್ತೆ ಬಂದದ್ದು ಇವನನ್ನು ನೋಡಲಿಕ್ಕಲ್ಲ, ಬಾಣಂತನಕ್ಕೆ ಬಂದಿರುವ ನನ್ನ ಮಗಳ ಕೂಸನ್ನು ನೋಡಲಿಕ್ಕೆ. ಆದರೆ ನಮ್ಮ ಬಂಧುಗಳು ಕೂಸನ್ನು ಒಂದು ಗಳಿಗೆ ನೋಡಿ, ಉಳಿದ ಹೊತ್ತನ್ನೆಲ್ಲ ಪ್ರವೀಣನ ಅಂಗಿಯ ಮೇಲೆ ಕಣ್ಣಿಟ್ಟು ಕಳೆಯುತ್ತಾರೆ. ಸವಣೂರಿನವರು ಎದೆ ಉಬ್ಬಲೆಂದು ಪುಗ್ಗೆ ಊದಿಸಲು ಹೇಳಿದರು. ಹಿರೇಕೆರೂರಿನವರು ಗರಡಿಮನೆಗೆ ಕಳಿಸಲು ಹೇಳಿದರು. ಸ್ವಂತ ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಲು ಅವರಿಗೇ ಆಗುವುದಿಲ್ಲ. ಸೋದರತ್ತೆಯದು ನೇರ ತೀರ್ಪು: “ಕೂಸಿದ್ದಾಗ ಎರಿಯೂಮುಂದ ಎದಿ ಒತ್ತಿ ತಿದ್ದಬೇಕಿತ್ತು, ಒತ್ತಿಲ್ಲ.” ದುಂಡಸಿಯ ಮಾವ ಒಪ್ಪಲಿಲ್ಲ: “ಒತ್ತಿದ್ದ ಹೆಚ್ಚಾಗೇತ್ರಿ, ಅದಕ್ಕ ಒಳಗ ಹೋಗೇತಿ.” ತೀರ್ಪು ಎರಡು, ಅಪರಾಧಿ ಒಬ್ಬಳೇ: ಪ್ರವೀಣನಿಗೆ ಎಣ್ಣೆ ಹಚ್ಚಿ ಎರೆದ ನನ್ನ ಅವ್ವ. ಓಣಿಯ ಅರ್ಧ ಕೂಸುಗಳು ಅವಳ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವೇ.

ಮರುದಿನ ಕೂಸಿಗೆ ಎರೆಯಲು ಅವ್ವ ಬಚ್ಚಲಿಗೆ ಬರಲಿಲ್ಲ. “ನನ್ನ ಕೈ ಚಲೋ ಇಲ್ಲ. ಈ ಕೂಸಿಗೆ ಬ್ಯಾರೆದವರನ್ನ ಕರೀರಿ” ಎಂದು ಗೋಡೆಗೆ ಮುಖ ಮಾಡಿ ಕುಳಿತಳು. ನನಗೆ ರೇಗಿತು. ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನೆಲ್ಲ ಪಾಠದಂತೆ ಒಪ್ಪಿಸಿದೆ: ಪಕ್ಕೆಲುಬುಗಳನ್ನು ಎದೆಯೆಲುಬಿಗೆ ಜೋಡಿಸುವ ಮೆತ್ತನೆಯ ಎಲುಬು ಬೆಳೆಯುವ ರೀತಿಯೇ ಹಾಗೆ, ಅದು ಎಣ್ಣೆಯಿಂದ ಬರುವುದೂ ಅಲ್ಲ, ಎಣ್ಣೆಯಿಂದ ಹೋಗುವುದೂ ಅಲ್ಲ, ಇವನ ಗುಂಡಿಗೆ, ಉಸಿರು ಚೆನ್ನಾಗಿವೆ, ಬೆಳೆಯುವ ವಯಸ್ಸು, ಆಗಾಗ ತೋರಿಸುತ್ತಿದ್ದರೆ ಸಾಕು. ಅವ್ವ ನನ್ನ ವಿದ್ಯಾರ್ಥಿಗಳ ಹಾಗೆಯೇ ಕೇಳಿದಳು, ಅಂದರೆ ಕೇಳಲಿಲ್ಲ. ಅತ್ತ ಕೂಸು ಅಳುತ್ತಿತ್ತು, ಹಂಡೆಯ ನೀರು ಆರುತ್ತಿತ್ತು.

ಆಗ ಪ್ರವೀಣ ಬಂದ. ನನ್ನೆದುರಿಗೂ ಅಂಗಿ ತೆಗೆಯದ ಹುಡುಗ, ಚಹಾ ಕುಡಿಯುತ್ತಿದ್ದ ಸೋದರತ್ತೆಯ ಎದುರೇ ಗುಂಡಿ ಬಿಚ್ಚಿ, ಅವ್ವನ ಮುಂದೆ ಅಂಗಾತ ಮಲಗಿದ. “ಅಜ್ಜಿ, ಮೊದಲ ನನಗ ಹಚ್ಚು. ನಿನ್ನ ಕೈ ಕೆಟ್ಟಿದ್ರ ನಾ ಹೇಳ್ತೇನಿ.” ಅವ್ವ ಬಹಳ ಹೊತ್ತು ಆ ತಗ್ಗನ್ನೇ ನೋಡಿದಳು. ಆಮೇಲೆ ಎಣ್ಣೆ ಸುರಿದಳು. ಅದು ಹರಿಯದೆ ಅಲ್ಲೇ ನಿಂತಿತು. “ಎಣ್ಣಿ ಬಟ್ಟಲ ಬ್ಯಾಡ, ಒಳಗಿಡು. ಇಲ್ಲಿಂದನ ತಗೊಂಡು ಕೂಸಿಗೆ ಹಚ್ಚು” ಎಂದ. ಅವ್ವ ಅಳುತ್ತಲೇ ನಕ್ಕಳು. ಕಾಲು ಚಾಚಿ ಕೂಸನ್ನು ತರಿಸಿಕೊಂಡು, ಬೆರಳನ್ನು ಆ ತಗ್ಗಿನಲ್ಲೇ ಅದ್ದಿ ಅದರ ನೆತ್ತಿಗೆ ಹಚ್ಚಿದಳು. ಶಬ್ದಕೋಶದ ಪ್ರಕಾರ ಅಷ್ಟು ಹೊತ್ತು ಮನೆಯಲ್ಲಿ ಎದೆಗುಂದಿದ್ದವಳು ಅವ್ವ. ಪ್ರವೀಣನದು ಬರೀ ತಗ್ಗು.

ಸೋದರತ್ತೆ ಚಹಾದ ಕಪ್ಪು ಕೆಳಗಿಟ್ಟು ಕೂಸಿನ ಹತ್ತಿರ ಬಗ್ಗಿದಳು. “ಮೂಗು ಮೊಂಡ ಐತಲ್ಲ, ಒತ್ತಿ ತಿದ್ದಬೇಕಿದನ್ನ” ಎಂದಳು.

“ಎದಿಗುಂದಬ್ಯಾಡ್ರಿ ಅತ್ತಿ” ಎಂದೆ ನಾನು.