ಎದುರು ಕೂತವರ ಕೆನ್ನೆ

ಕೆರಿಯಮ್ಮ ಚಂದ್ರಯ್ಯನವರನ್ನು ಮೊದಲು ಕಂಡ ದಿನ ಅವಳ ಕಂಕುಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಫೋಟೋ ಇತ್ತು. ಅದು ತೀರಿಕೊಂಡ ಗಂಡ ಪುಟ್ಟಪ್ಪ ನಾಯ್ಕರ ಫೋಟೋ ಎಂದು ಮಗ ದಿನೇಶ ಹೇಳುತ್ತಿದ್ದ. ಅವಳು ಅಲ್ಲ ಎನ್ನುತ್ತಿದ್ದಳು. ಆನಂದಪುರದಲ್ಲಿ ಬಸ್ಸು ಹತ್ತಿದ ತಾಯಿ ಮಗ ಇದೇ ಜಗಳ ಮುಂದುವರಿಸಿಕೊಂಡು ರಿಪ್ಪನ್‌ಪೇಟೆಯಲ್ಲಿ ಇಳಿದರು.

ಬಸ್‌ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಚಂದ್ರಯ್ಯನವರ ಮಳಿಗೆ. ಹೊರಗೆ ಬಣ್ಣದ ಡಬ್ಬಿಗಳು, ಅಕ್ಷರ ಅರ್ಧ ಬರೆದ ಬೋರ್ಡು. ಒಳಗೆ ಗೋಡೆ ತುಂಬ ಮುಖಗಳು, ಎಲ್ಲ ಸತ್ತವರವು. ಕೆರಿಯಮ್ಮ ಬಾಗಿಲಲ್ಲೇ ನಿಂತು ಒಂದೊಂದನ್ನೂ ನಿಧಾನಕ್ಕೆ ನೋಡಿದಳು. ಒಬ್ಬ ಅಜ್ಜಿಗೆ ಮೇಲಿನ ಹಲ್ಲು ಒಂದೇ ಇತ್ತು. ಒಬ್ಬ ಗಂಡಸಿನ ಹಣೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಒಬ್ಬಳ ಕಿವಿ ಓಲೆಯ ಭಾರಕ್ಕೆ ಹರಿದು ಸೀಳಾಗಿತ್ತು. ಯಾರನ್ನೂ ಚೆಂದ ಮಾಡಿರಲಿಲ್ಲ. ಅದನ್ನು ಕಂಡ ಮೇಲೆಯೇ ಅವಳು ಒಳಗೆ ಕಾಲಿಟ್ಟದ್ದು.

"ಬನ್ನಿ ಅಮ್ಮ. ಎಂತ ಆಗ್ಬೇಕಿತ್ತು?" ಎಂದರು ಚಂದ್ರಯ್ಯ. ತೀರ್ಥಹಳ್ಳಿ ಕಡೆಯ ಗೌಡರು. ಜಮೀನಿನ ಮನೆಯಲ್ಲಿ ಹುಟ್ಟಿಯೂ ಬ್ರಷ್ಷು ಹಿಡಿದವರು. ತೆಳ್ಳಗಿನ ಮೈ, ಉಗುರಿನ ಸಂದಿಯಲ್ಲೆಲ್ಲ ಬಣ್ಣ.

ಕೆರಿಯಮ್ಮ ಫೋಟೋ ಬಿಚ್ಚಿ ಮುಂದಿಟ್ಟಳು. ಕರಿ ಕೋಟು, ನೀಲಿ ಟೈ, ನಯವಾದ ದುಂಡು ಮುಖ.

"ಇವರು ಯಾರು?"

"ನಂಗೂ ಗೊತ್ತಿಲ್ಲ ಗೌಡ್ರೇ. ನಮ್ಮನೆಯವರು ಅಂತ ಸಾಗರದ ಸ್ಟುಡಿಯೋದಲ್ಲಿ ಕೊಟ್ರು."

ದಿನೇಶನಿಗೆ ಸಿಟ್ಟು ಬಂತು. "ಅಪ್ಪಯ್ಯಂದೇ ಗೌಡ್ರೇ. ಅಪ್ಪಯ್ಯನ ಮುಖದ ಒಂದು ಕಡೆ ಕರಡಿ ಪರಚಿತ್ತು. ಸ್ಟುಡಿಯೋದವನು ಕಂಪ್ಯೂಟರಲ್ಲಿ ಚೆನ್ನಾಗಿರೋ ಕಡೆನೇ ತಿರುಗ್ಸಿ ಆ ಕಡೆಗೂ ಕೂರಿಸ್ದ. ಎಷ್ಟು ಚೆನ್ನಾಗಿ ಬಂದಿದೆ ನೋಡಿ. ಅಮ್ಮಂಗೆ ಮಾತ್ರ ಸಮಾಧಾನ ಇಲ್ಲ. ಆ ಮುಖನ ಗೋಡೆಗೆ ಹಾಕಿದ್ರೆ ಬಂದೋರೆಲ್ಲ ಅದನ್ನೇ ಕೇಳ್ತಾರೆ."

"ಕೇಳ್ಲಿ. ಕರಡಿ ಪರಚಿದ್ದು ಅಂತ ಹೇಳು. ನಿಂಗೇನು ಬಾಯಿಲ್ವಾ?" ಎಂದಳು ಕೆರಿಯಮ್ಮ. ಆಮೇಲೆ ಚಂದ್ರಯ್ಯನವರ ಕಡೆ ತಿರುಗಿ, "ಹಿರಿಯರಿಗೆ ಎಡೆ ಇಡೋ ದಿನ ಈ ಕೋಟಿನವನ ಮುಂದೆ ಎಂತ ಇಡಲಿ? ಮೀನು ಸಾರು ತಿಂದು ಗೊತ್ತಿರೋ ಹಂಗೇ ಕಾಣಲ್ಲ ಇವನು."

ಚಂದ್ರಯ್ಯ ಜೋರಾಗಿ ನಕ್ಕರು. ಅವಳು ನಗಲಿಲ್ಲ.

ಕರಡಿ ಪರಚಿದ್ದು ಮದುವೆಗೂ ಮುಂಚೆ, ಪುಟ್ಟಪ್ಪ ಜೇನಿಗೆ ಹೋಗಿದ್ದಾಗ. ಮದುವೆಮನೆಯ ಹಸೆಗೋಡೆಯ ಚಿತ್ತಾರದ ಮುಂದೆ ಮದುಮಗನ ಪಕ್ಕ ಕೂತಾಗ ಕೆರಿಯಮ್ಮ ಕಂಡದ್ದು ಆ ಮುಖವನ್ನೇ: ಕೆಳಗೆ ಜಗ್ಗಿದ ಕಣ್ಣುರೆಪ್ಪೆ, ನೇಗಿಲು ಎಳೆದಂಥ ಗೆರೆಗಳಿದ್ದ ಕೆನ್ನೆ, ಮೇಲಕ್ಕೆ ಸೆಳೆದುಕೊಂಡ ತುಟಿಯ ಮೂಲೆ. ಅದಕ್ಕೂ ಮೊದಲಿನ ನಯವಾದ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಕೋಟಿನವನು ಗೋಡೆಗೆ ಬಂದರೆ ತಾನು ಯಾರೋ ಬೇರೆಯವನಿಗೆ ಹೂವು ಹಾಕಬೇಕು. ಅವಳ ಸಂಕಟ ಅಷ್ಟೇ, ಆದರೆ ಅದನ್ನು ಮಗನಿಗೆ ತಿಳಿಯುವ ಹಾಗೆ ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಮೊದಲಿನ ಫೋಟೋ ಎಲ್ಲಿದೆ?" ಎಂದು ಚಂದ್ರಯ್ಯ ಕೇಳಿದರು.

ಇದ್ದದ್ದು ವೋಟಿನ ಕಾರ್ಡಿನದೊಂದೇ. ಸ್ಟುಡಿಯೋಗೆ ಕೊಟ್ಟದ್ದು ವಾಪಸು ಸಿಕ್ಕಿರಲಿಲ್ಲ.

"ಹಂಗಾದ್ರೆ ನೀವೇ ಹೇಳ್ಬೇಕು ಅಮ್ಮ. ನೀವು ಹೇಳಿದಷ್ಟು ನಾನು ಬರೀತೀನಿ. ಹೇಳದ್ದನ್ನ ಬರೆಯಲ್ಲ."

ಅವರು ಹಲಗೆಯ ಮುಂದೆ ನಿಂತರು. ಅವಳು ಪಕ್ಕದ ಬೆಂಚಿನಲ್ಲಿ ಕೂತು ಹೇಳುತ್ತಾ ಹೋದಳು. ಹುಬ್ಬು ಎಷ್ಟು ದಪ್ಪ, ಮೂಗಿನ ತುದಿ ಎತ್ತ ವಾಲಿತ್ತು, ನಕ್ಕರೆ ಯಾವ ಗೆರೆ ಆಳವಾಗುತ್ತಿತ್ತು. ಕರಡಿ ಪರಚಿದ್ದು ಯಾವ ಕೆನ್ನೆ ಎಂದಾಗ ಬಾಯಿಂದ ಹೇಳದೆ ತನ್ನ ಬಲಗೆನ್ನೆ ಮುಟ್ಟಿ ತೋರಿಸಿದಳು.

ಚಿತ್ರ ಮುಗಿದ ಸುದ್ದಿ ಬಂದ ಮೇಲೆ ಮತ್ತೆ ಹೋದರು. ಚಂದ್ರಯ್ಯ ಬಟ್ಟೆ ಸರಿಸಿದರು. ಕಣ್ಣುರೆಪ್ಪೆ ಸರಿ. ಗೆರೆಗಳು ಸರಿ. ಮಾಸಲು ಅಂಗಿಯ ಕೊರಳೂ ಸರಿ. ದಿನೇಶ ಒಂದು ಹೆಜ್ಜೆ ಹಿಂದೆ ಸರಿದ, ಅಪ್ಪ ಎದ್ದು ಬಂದರೇನೋ ಎಂಬಂತೆ. ಕೆರಿಯಮ್ಮ ಬಹಳ ಹೊತ್ತು ನೋಡಿದಳು.

"ಎಲ್ಲಾ ಸರಿ ಇದೆ ಗೌಡ್ರೇ," ಎಂದಳು ಕೊನೆಗೆ. "ಆದ್ರೆ ಇವರಲ್ಲ."

"ಮುಗೀತು ಕತೆ!" ದಿನೇಶ ಹಣೆ ಚಚ್ಚಿಕೊಂಡ. "ಇನ್ನು ಅಪ್ಪಯ್ಯನೇ ಬಂದು ನಾನೇ ಕಣೇ ಅನ್ಬೇಕು."

ಚಂದ್ರಯ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಸ್ಟೂಲು ಎಳೆದು ಅವಳ ಎದುರು ಕೂತರು. "ಅವರು ಉಣ್ಣುವಾಗ ನೀವೆಲ್ಲಿ ಕೂರ್ತಿದ್ರಿ?"

"ಎದುರಿಗೆ. ಬಡಿಸ್ಬೇಕಲ್ಲ."

"ಎಂತ ನೋಡ್ತಿದ್ರಿ?"

ಅವಳಿಗೆ ನಾಚಿಕೆಯಾಯಿತು. ಆದರೂ ಹೇಳಿದಳು. ತುಟಿಯ ಆ ಮೂಲೆಯಲ್ಲಿ ಪುಟ್ಟಪ್ಪನವರಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಅನ್ನದ ಅಗುಳು ಅಂಟಿಕೊಂಡರೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ಜನರ ಎದುರು ಹೇಳಿದರೆ ಅವಮಾನ. ಹಾಗಾಗಿ ಅವಳು ಏನೂ ಅನ್ನದೆ ತನ್ನ ಕೆನ್ನೆ ಮುಟ್ಟಿಕೊಳ್ಳುತ್ತಿದ್ದಳು. ಅವರು ನೋಡಿ ಒರೆಸಿಕೊಳ್ಳುತ್ತಿದ್ದರು. ಬಾಳಿದಷ್ಟು ಕಾಲವೂ ಹೀಗೆ ನಡೆಯಿತು, ಮಕ್ಕಳಿಗೂ ತಿಳಿಯದ ಹಾಗೆ.

"ಹಿಂಗೆ," ಎಂದು ಬಲಗೆನ್ನೆ ಮುಟ್ಟಿ ತೋರಿಸಿದಳು.

ಎದುರು ಕೂತ ಚಂದ್ರಯ್ಯನವರ ಕೈ ತನ್ನಷ್ಟಕ್ಕೇ ಎದ್ದು ಅವರ ಎಡಗೆನ್ನೆ ಮುಟ್ಟಿತು. ಇಬ್ಬರೂ ಆ ಕೈಯನ್ನೇ ನೋಡಿದರು.

"ಅಯ್ಯಯ್ಯೋ," ಎಂದಳು ಕೆರಿಯಮ್ಮ. "ಎಡದ್ದು. ಅವರದ್ದು ಎಡಗೆನ್ನೆ. ನಾನು ನನ್ನದನ್ನ ಮುಟ್ಟಿ ಮುಟ್ಟಿ..."

"ನೀವು ಸರಿಯಾಗೇ ತೋರಿಸಿದ್ರಿ. ನಾನು ಪಕ್ಕದಲ್ಲಿ ನಿಂತು ಕೇಳ್ದೆ. ಎದುರು ಕೂತು ಕೇಳ್ಬೇಕಿತ್ತು."

ಅವರು ಆ ಚಿತ್ರವನ್ನು ತಿದ್ದಲಿಲ್ಲ, ಬೇರೆಯದನ್ನೇ ಶುರು ಮಾಡಿದರು. ಆವತ್ತಿನಿಂದ, ಸತ್ತವರ ಮುಖ ಹೇಳಲು ಯಾರು ಬಂದರೂ ಚಂದ್ರಯ್ಯ ಅವರ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುವುದು ರೂಢಿಯಾಯಿತು.

ಎರಡನೆಯ ಚಿತ್ರ ನಡೆಯುವಾಗ ಕೆರಿಯಮ್ಮ ಒಬ್ಬಳೇ ಹೋಗಿ ಬರುತ್ತಿದ್ದಳು. ಅವಳೂ ಬರೆಯುವವಳೇ, ಗೋಡೆಗೆ ಚಿತ್ತಾರ. ಸುತ್ತಿನ ತಮ್ಮ ದೀವರ ಜನರ ಮನೆಗಳಲ್ಲಿ ಮದುವೆಯೆಂದರೆ ಹಸೆಗೋಡೆಗೆ ಅವಳನ್ನೇ ಕರೆಯುತ್ತಿದ್ದರು. ಒಂದು ದಿನ ಪುಂಡಿ ನಾರಿನಲ್ಲಿ ತಾನೇ ಕಟ್ಟಿದ ಕುಂಚವೊಂದನ್ನು ಚಂದ್ರಯ್ಯನವರಿಗೆ ತಂದುಕೊಟ್ಟಳು. ಅದರ ಎಳೆ ಅಷ್ಟು ಸಣ್ಣ. ಕೆನ್ನೆಯ ಗೆರೆಗಳನ್ನು ಅವರು ಅದರಲ್ಲೇ ಬರೆದರು.

"ನಮ್ಮ ಚಿತ್ತಾರದಲ್ಲಿ ಈ ಕಡೆ ಒಂದು ಎಳೆ ಎಳೆದ್ರೆ ಆ ಕಡೆನೂ ಅಷ್ಟೇ ಎಳೀಬೇಕು ಗೌಡ್ರೇ," ಎಂದಳು ಕೆರಿಯಮ್ಮ. "ಒಂದು ಕೂದಲು ಹೆಚ್ಚು ಕಮ್ಮಿ ಆದ್ರೂ ಕಣ್ಣಿಗೆ ಹೊಡೀತದೆ. ಸ್ಟುಡಿಯೋದವನು ಮುಖನೂ ಹಂಗೇ ಮಾಡಿದಾನೆ. ಎರಡು ಕಡೆನೂ ಒಂದೇ ಸಮ. ಯಾವ ಮನುಷ್ಯನ ಮುಖ ಹಂಗಿರ್ತದೆ?"

ಚಂದ್ರಯ್ಯನವರಿಗೆ ಖುಷಿಯಾದರೆ ಮಾತು ಬರುತ್ತಿತ್ತು. "ನಾನು ಚಿತ್ರ ಕಲಿಯೋಕೆ ಹೋಗಿದ್ದಾಗ ನಮ್ಮ ಮೇಷ್ಟ್ರು ಹೇಳ್ತಿದ್ರು. ಪರದೇಶದಲ್ಲಿ ಹಿಂದೆ ದೇವರು, ರಾಜರು, ಇಂಥವರನ್ನೇ ದೊಡ್ಡದಾಗಿ ಬರೀತಿದ್ರಂತೆ. ಆಮೇಲೆ ಒಂದಿಷ್ಟು ಜನ ಕೂಲಿಯವರನ್ನ, ಬಟ್ಟೆ ಒಗೆಯೋರನ್ನ ಅಷ್ಟೇ ದೊಡ್ಡದಾಗಿ ಬರೆದ್ರು. ಮಣ್ಣು ಕಾಲು, ಹರಿದ ಅಂಗಿ, ಎಲ್ಲಾ ಕಾಣೋ ಹಂಗೆ. ಸಾಹುಕಾರ್ರು ಮೂಗು ಮುಚ್ಕಂಡ್ರಂತೆ. ಕತೆ ಬರೆಯೋರೂ ಹಂಗೇ ಬರೆಯಕ್ಕೆ ಹತ್ತಿದ್ರು. ಅದಕ್ಕೆ ವಾಸ್ತವವಾದ ಅಂತ ಹೆಸರು."

"ಇರೋದನ್ನ ಇರೋ ಹಂಗೆ ಬರೆಯಕ್ಕೆ ಇಷ್ಟು ದೊಡ್ಡ ಹೆಸರು ಬೇಕಾ?"

"ಬರೆದು ನೋಡಿ, ಆಗ ಗೊತ್ತಾಗ್ತದೆ. ಕಣ್ಣು ಸರಿಯಾಗೇ ನೋಡ್ತದೆ. ಕೈ ಇದೆಯಲ್ಲ, ಅದು ಚೆಂದ ಮಾಡಕ್ಕೆ ಓಡ್ತದೆ. ಹಿಡಿದು ನಿಲ್ಲಿಸೋದೇ ಕೆಲಸ."

ಆ ವರ್ಷ ಎಡೆ ಇಟ್ಟ ದಿನ ಪುಟ್ಟಪ್ಪ ನಾಯ್ಕರು ಗೋಡೆಯ ಮೇಲೆ ತಮ್ಮ ಮುಖದಲ್ಲೇ ಇದ್ದರು. ಕೆರಿಯಮ್ಮ ಮೀನು ಸಾರು ಬಡಿಸಿ ಎದುರಿಗೆ ಕೂತಳು. ಕೈ ತಾನಾಗಿ ಕೆನ್ನೆಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ದಿನೇಶ ಅದನ್ನು ನೋಡಿ ಹೊರಗೆ ಹೋದ. ಆಮೇಲೆ ಅವನು ಕೋಟಿನ ಫೋಟೋದ ಮಾತೆತ್ತಲಿಲ್ಲ.

ಚಂದ್ರಯ್ಯನವರ ಹಟದಿಂದ ಅವರ ಮನೆಗೇನೂ ಒಳ್ಳೆಯದಾಗಲಿಲ್ಲ. ಒಬ್ಬರು ತಾಯಿಯ ಕೊರಳಿಗೆ ಚಿನ್ನದ ಅವಲಕ್ಕಿ ಸರ ಹಾಕಿ ಬರೆಯಿರಿ ಎಂದಾಗ, "ಬದುಕಿದ್ದಾಗ ಹಾಕಿದ್ರೆ ಬರೀತಿದ್ದೆ" ಎಂದುಬಿಟ್ಟರು. ಅಂಥವರೆಲ್ಲ ಸಾಗರಕ್ಕೋ ಹೊಸನಗರಕ್ಕೋ ಹೋಗಿ ಕಂಪ್ಯೂಟರಲ್ಲಿ ಮಾಡಿಸಿಕೊಂಡರು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸವೂ ಹೋಯಿತು. "ಸತ್ತೋರಿಗೆ ಒಂದು ಸರ ಬರೆದ್ರೆ ಇವರ ಕೈ ಏನು ಸವೆಯಲ್ಲ," ಎಂದು ಹೆಂಡತಿ ವರದಮ್ಮ ಕೆರಿಯಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಹಾಗೆಂದು ಚಂದ್ರಯ್ಯ ಕಲ್ಲಲ್ಲ. ಬೆಂಕಿ ಬಿದ್ದು ಸತ್ತ ಹುಡುಗಿಯ ತಾಯಿಯೊಬ್ಬಳು ಬಂದು, ಆ ಸುಟ್ಟ ಮುಖ ಬರೆಯಬೇಡಿ ಎಂದು ಕಾಲು ಹಿಡಿದಳು. "ಅದು ಎರಡು ದಿನದ ಮುಖ ತಾಯಿ. ನೀವು ಜತೆಗೆ ಬಾಳಿದ ಮುಖ ಹೇಳಿ. ನಿಜವಾದದ್ದು ಅದು," ಎಂದು ಎದುರು ಕೂತು, ಅವಳು ಹೇಳಿದ ಹಾಗೆಯೇ ಬರೆದುಕೊಟ್ಟರು.

ಕೆರಿಯಮ್ಮ ಮಾವಿನ ಮಿಡಿಯ ಕಾಲ ಬಂದಾಗೆಲ್ಲ ಉಪ್ಪಿನಕಾಯಿಯ ಭರಣಿ ಹಿಡಿದು ರಿಪ್ಪನ್‌ಪೇಟೆಗೆ ಹೋಗಿ ಬರುತ್ತಿದ್ದಳು. ಈ ಸಲ ಮಿಡಿ ಇನ್ನೂ ಬಿಟ್ಟಿರಲಿಲ್ಲ, ಆಗಲೇ ಸುದ್ದಿ ಬಂತು. ಚಂದ್ರಯ್ಯನವರಿಗೆ ಲಕ್ವ ಹೊಡೆದಿದೆ. ಆಸ್ಪತ್ರೆಯಿಂದ ಮನೆಗೆ ತಂದಿದ್ದಾರೆ, ಹೆಚ್ಚು ದಿನ ಇಲ್ಲ.

ಅವಳು ಹೋದಾಗ ವರದಮ್ಮ ಜಗಲಿಯಲ್ಲೇ ತಡೆದರು. "ಕೆರಿಯಮ್ಮ, ಮುಖದ ಸುದ್ದಿ ಎತ್ಬೇಡಿ. ಕನ್ನಡಿ ಎಲ್ಲಾ ತೆಗ್ದಿಟ್ಟಿದೀನಿ. ಬಂದೋರಿಗೆಲ್ಲ ಹೇಳಿದೀನಿ, ಮೊದ್ಲಿನ ಹಂಗೇ ಇದೀರಿ ಅನ್ನಿ ಅಂತ. ನೋಡ್ಕಂಡ್ರೆ ಎದೆ ಒಡ್ಕಂಡ್ ಬಿಡ್ತಾರೆ."

ಕೆರಿಯಮ್ಮ ತಲೆಯಾಡಿಸಿದಳು.

ಚಂದ್ರಯ್ಯ ದಿಂಬಿಗೆ ಒರಗಿ ಕೂತಿದ್ದರು. ಎಡಗೈ ಯಾರದ್ದೋ ಎಂಬಂತೆ ಮಡಿಲಲ್ಲಿ ಬಿದ್ದಿತ್ತು. ಬಲಗೈಯಲ್ಲಿ ಪೆನ್ಸಿಲು, ತೊಡೆಯ ಮೇಲೆ ಹಲಗೆ. ಹಲಗೆಯ ಕಾಗದದಲ್ಲಿ ಅವರದೇ ಮುಖ, ಅರ್ಧ. ಬಲಗಡೆಯ ಕಣ್ಣು, ಕೆನ್ನೆ, ಕಿವಿ, ಎಲ್ಲ ಬರೆದಿತ್ತು. ಎಡಗಡೆ ಬಿಳಿ.

"ಬಂದ್ರಾ," ಎಂದರು. ಮಾತು ತೊದಲುತ್ತಿತ್ತು. "ಎಲ್ಲಾರೂ ಬರ್ತಾರೆ. ಮೊದ್ಲಿನ ಹಂಗೇ ಇದೀರಿ ಅಂತಾರೆ. ಬಾಯಿಗೆ ಹಾಕಿದ ಗಂಜಿ ಹೊರಗೆ ಬರ್ತದೆ. ಮೊದ್ಲು ಹಂಗೆ ಬರ್ತಿರ್ಲಿಲ್ಲ."

ವರದಮ್ಮ ಗಂಜಿಯ ಬಟ್ಟಲು ತಂದು ಚಮಚದಲ್ಲಿ ಕುಡಿಸಿದರು. ಗಂಡನ ಮುಖ ನೋಡದೆ ಚಮಚವನ್ನೇ ನೋಡುತ್ತಿದ್ದರು. ತುಟಿಯ ಮೂಲೆಯಿಂದ ಗಂಜಿ ಇಳಿಯಿತು. ಕೆರಿಯಮ್ಮ ಏನೂ ಹೇಳಬಾರದು ಎಂದೇ ಕೂತಿದ್ದಳು, ಹೇಳಲೂ ಇಲ್ಲ. ಆದರೆ ಕೈ ಕೇಳಲಿಲ್ಲ. ಎದ್ದು ಅವಳ ಬಲಗೆನ್ನೆ ಮುಟ್ಟಿತು.

ಚಂದ್ರಯ್ಯ ಪೆನ್ಸಿಲು ಕೆಳಗಿಟ್ಟು ಎಡಗಡೆಯ ತುಟಿ ಒರೆಸಿಕೊಂಡರು. ಅವರ ಕಣ್ಣು ಅವಳ ಕೈಯ ಮೇಲೆಯೇ ಇತ್ತು.

"ವರದಾ," ಎಂದರು. "ನಾ ಹೋದ್ಮೇಲೆ ನೀವೆಲ್ಲ ಸ್ಟುಡಿಯೋಗೆ ಹೋಗ್ತೀರಿ. ಈ ಕಡೆನ ತಿರುಗ್ಸಿ ಆ ಕಡೆಗೆ ಕೂರಿಸ್ತಾರೆ. ಅದಕ್ಕೆ ಮುಂಚೆ ಇದು ಮುಗೀಬೇಕು."

ವರದಮ್ಮ ಚಮಚವನ್ನು ಬಟ್ಟಲಿಗೆ ಹಾಕಿದರು. "ನೀವೇ ಹೇಳ್ತಿದ್ರಲ್ಲ, ಜತೆಗೆ ಬಾಳಿದ ಮುಖ ನಿಜ ಅಂತ. ಇದರ ಜತೆ ನಾನೆಲ್ಲಿ ಬಾಳಿದೀನಿ? ಇದು ಒಂದು ತಿಂಗಳದ್ದು."

"ಮೊದ್ಲಿಂದು ನೀನು ಬಾಳಿದ ಮುಖ. ಗೋಡೆಗೆ ಅದನ್ನೂ ಹಾಕು, ಬೇಡ ಅನ್ನಲ್ಲ. ಇದರ ಜತೆ ಈಗ ಬಾಳ್ತಿರೋನು ನಾನು. ನಂದನ್ನ ನಾನು ಸುಳ್ಳು ಬರೆದ್ರೆ ಅಷ್ಟು ಜನರಿಗೆ ಬರೆದದ್ದೆಲ್ಲ ಎಂತ ಆಯ್ತು?"

ವರದಮ್ಮ ಬಟ್ಟಲನ್ನು ಕಿಟಕಿಯ ಮೇಲಿಟ್ಟು, ಮೂಲೆಯಲ್ಲಿದ್ದ ಸ್ಟೂಲನ್ನು ಎತ್ತಿ ತಂದು ಗಂಡನ ಎದುರಿಗೆ ಇಟ್ಟರು. ಕೆರಿಯಮ್ಮನ ಭುಜ ಮುಟ್ಟಿದರು.

ಕೆರಿಯಮ್ಮ ಎದ್ದು ಹೋಗಿ ಸ್ಟೂಲಿನ ಮೇಲೆ ಕೂತಳು. ಜಗ್ಗಿದ ಕಣ್ಣುರೆಪ್ಪೆಯನ್ನೂ ಇಳಿದ ತುಟಿಯನ್ನೂ ನೋಡಿದಳು. ಅವಳಿಗೆ ಹೆದರಿಕೆಯಾಗಲಿಲ್ಲ, ಅಂಥ ಮುಖಕ್ಕೆ ಎದುರು ಕೂತು ಅವಳಿಗೆ ರೂಢಿಯಿತ್ತು.

ಚಂದ್ರಯ್ಯ ಪೆನ್ಸಿಲನ್ನು ಬಿಳಿಯ ಕಡೆಗೆ ತಂದು ನಿಲ್ಲಿಸಿದರು.

"ಕೆರಿಯಮ್ಮ," ಎಂದರು, "ಎಷ್ಟು ಇಳಿದಿದೆ ಅಂತ ನಿಮ್ಮ ಮುಖದ ಮೇಲೆ ತೋರಿಸ್ತೀರಾ?"