ಕೈಬರಹದ ಹನ್ನೊಂದು ಪುಟಗಳು

ನಮ್ಮ ಲೈಬ್ರರಿಯಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಆಯುಷ್ಯ ಕಡಿಮೆ. ತತ್ವಶಾಸ್ತ್ರದ ಗ್ರಂಥಗಳು ನಲವತ್ತು ವರ್ಷವಾದರೂ ಮೈಮೇಲೊಂದು ಗೀರಿಲ್ಲದೆ ಕಪಾಟಿನಲ್ಲಿ ಮೆರೆಯುತ್ತಿದ್ದವು. ಪತ್ತೇದಾರಿಗಳು ಎರಡೇ ವರ್ಷಕ್ಕೆ ಬೆನ್ನು ಮುರಿದುಕೊಂಡು ಹಿಂದಿನ ಕೋಣೆ ಸೇರುತ್ತಿದ್ದವು. ಆ ಕೋಣೆಯಲ್ಲಿ ಸೂಜಿ, ದಾರ, ರಟ್ಟು, ಅಂಟಿನ ಡಬ್ಬಿಗಳ ನಡುವೆ ನಮ್ಮ ಬೈಂಡರ್ ಕೂತಿರುತ್ತಿದ್ದ. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಗೋಂದಣ್ಣ. ವಯಸ್ಸಿನಲ್ಲಿ ನನಗಿಂತ ನಾಲ್ಕು ತಿಂಗಳು ಚಿಕ್ಕವನು, ಆದರೂ ನನಗೂ ಅಣ್ಣನೇ. ಮುಂದಿನ ಕೌಂಟರಿನಲ್ಲಿ ಪುಸ್ತಕ ಕೊಟ್ಟು, ವಾಪಸು ಪಡೆದು, ತಡಮಾಡಿದವರನ್ನು ಗದರಿಸುತ್ತ ಇಪ್ಪತ್ತೆಂಟು ವರ್ಷ ಕಳೆದವಳು ನಾನು.

ಪತ್ತೇದಾರಿಯಲ್ಲಿ ಮೊದಲು ಕಳಚುವುದು ಕೊನೆಯ ಪುಟಗಳು. ಕೊಲೆಗಾರ ಯಾರೆಂದು ಇಣುಕಿ ನೋಡುವ ಚಪಲಕ್ಕೆ ಎಲ್ಲರೂ ಅಲ್ಲಿಗೇ ಕೈಹಾಕುತ್ತಾರೆ. ಕೆಲವು ಪುಣ್ಯಾತ್ಮರು ಹರಿದುಕೊಂಡೂ ಹೋಗುತ್ತಾರೆ. ಹಾಗಾದಾಗ ಗೋಂದಣ್ಣ ರಜೆಯ ದಿನ ಬಸ್ಸು ಹತ್ತಿ ಬೇರೆ ಊರಿನ ಲೈಬ್ರರಿಗೆ ಹೋಗಿ, ಅದೇ ಪುಸ್ತಕದ ಇನ್ನೊಂದು ಪ್ರತಿ ಹುಡುಕಿ, ಕಳೆದ ಪುಟಗಳನ್ನು ಕೈಯಲ್ಲೇ ನಕಲು ಮಾಡಿ ತಂದು ಹೊಲಿಯುತ್ತಿದ್ದ. ಅಚ್ಚಿನ ಅಕ್ಷರವನ್ನೂ ನಾಚಿಸುವ ಬರಹ. ಕೊನೆಯಲ್ಲಿ ‘ಮೂಲದಂತೆ’ ಎಂದು ಬರೆದು ಸಹಿ ಹಾಕುತ್ತಿದ್ದ. ಆ ಒಂದು ಪದವನ್ನು ನಮ್ಮ ಓದುಗರು ಕಣ್ಣುಮುಚ್ಚಿ ನಂಬುತ್ತಿದ್ದರು.

ಎದುರು ಬೀದಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಅದರ ಯಜಮಾನರನ್ನು ನಾವು ಗಡಿಯಾರದವರು ಎನ್ನುತ್ತಿದ್ದೆವು. ಗೋಂದಣ್ಣನಿಗಿಂತ ಆರು ವರ್ಷ ದೊಡ್ಡವರು. ಶನಿವಾರ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಬಂದರೆಂದರೆ ನನ್ನ ಕೌಂಟರಿನ ಪಕ್ಕದ ಬೆಂಚು ಅವರಿಬ್ಬರಿಗೇ ಮೀಸಲು. ಯಾವುದಾದರೂ ಪತ್ತೇದಾರಿ ಕತೆ ಸಿನಿಮಾ ಆಗಿ ಬಂದಿದ್ದರಂತೂ ಮುಗಿದೇ ಹೋಯಿತು. ಮೊದಲು ಪುಸ್ತಕ, ಆಮೇಲೆ ಸಿನಿಮಾ, ಆಮೇಲೆ ಪಂಚಾಯಿತಿ. ‘ಮೌನವಿರಲಿ’ ಎಂಬ ಫಲಕದ ಕೆಳಗೇ ಕೂತು ಗದ್ದಲ ಮಾಡುವ ಇವರನ್ನು ನಾನು ಎಷ್ಟೋ ಸಲ ಎಬ್ಬಿಸಿ ಕಳಿಸಿದ್ದೇನೆ. ಈಗ ಆ ಗದ್ದಲ ಇನ್ನೊಮ್ಮೆ ಕೇಳಿದರೆ ಸಾಕು ಅನ್ನಿಸುತ್ತದೆ.

ಪುಸ್ತಕದ ಪತ್ತೇದಾರನಿಗೆ ಕತೆಯುದ್ದಕ್ಕೂ ನೆಗಡಿ, ಸಿನಿಮಾದವನಿಗೆ ಎರಡು ಹಾಡು ಎಂದು ಗಡಿಯಾರದವರು ರೇಗುತ್ತಿದ್ದರು. ಪುಸ್ತಕದಲ್ಲಿ ಅನುಮಾನ ಬಂದರೆ ನಿಂತು ಹಿಂದಿನ ಪುಟ ತಿರುವಬಹುದು, ಸಿನಿಮಾ ಕತ್ತಿಗೆ ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತದೆ ಎಂಬುದು ಅವರ ವಾದ. ಗೋಂದಣ್ಣನಿಗೆ ಸಿನಿಮಾ ಎಂದರೆ ಪ್ರಾಣ. ಸುಳ್ಳು ಹೇಳುವವನ ಕಣ್ಣು ಕದಲುವುದನ್ನು ಬರೆಯಲು ಲೇಖಕನಿಗೆ ಅರ್ಧ ಪುಟ ಬೇಕು, ಒಳ್ಳೆ ನಟನಿಗೆ ಅರ್ಧ ಕ್ಷಣ ಸಾಕು ಎನ್ನುತ್ತಿದ್ದ. ಸಣ್ಣ ಪಾತ್ರದಲ್ಲಿ ದೊಡ್ಡ ನಟ ಕಂಡರೆ ಅವನೇ ಕೊಲೆಗಾರ ಎಂಬ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಹೀಗಿರುವಾಗ ಒಂದು ಹಳೆಯ ಕಾದಂಬರಿ ಹನ್ನೊಂದು ಪುಟ ಕಳೆದುಕೊಂಡು ಬಂತು. ದೊಡ್ಡ ಮನೆ, ಹಾಸಿಗೆ ಹಿಡಿದ ಯಜಮಾನ, ಅವನ ಅಕ್ಕ, ವಾರಕ್ಕೊಮ್ಮೆ ಬರುವ ಡಾಕ್ಟರು, ಯಜಮಾನನ ಕೊಲೆ. ಗೋಂದಣ್ಣ ನಾಲ್ಕು ಊರು ಸುತ್ತಿದರೂ ಇನ್ನೊಂದು ಪ್ರತಿ ಸಿಗಲಿಲ್ಲ. ಅಷ್ಟರಲ್ಲಿ ಅದೇ ಕಾದಂಬರಿಯ ಸಿನಿಮಾ ನಮ್ಮ ಟಾಕೀಸಿಗೆ ಬಂತು, ಒಂದೇ ವಾರಕ್ಕೆ. ಗಡಿಯಾರದವರು ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು. ಗೋಂದಣ್ಣ ಒಬ್ಬನೇ ಮೂರು ಆಟ ನೋಡಿದ. ಕೊಲೆಗಾರ ಡಾಕ್ಟರು. ಅವನು ಕೂತು, ಲೇಖಕರ ಧಾಟಿಯಲ್ಲೇ ಹನ್ನೊಂದು ಪುಟ ಬರೆದು, ಹೊಲಿದು, ಕೊನೆಗೆ ಯಾವತ್ತಿನಂತೆ ‘ಮೂಲದಂತೆ’ ಎಂದು ಬರೆದುಬಿಟ್ಟ. ಆಗ ನನಗೂ ಹೇಳಲಿಲ್ಲ. ಪುಸ್ತಕ ಮುಗಿಸಿದ ಓದುಗರು ತೃಪ್ತಿಯಿಂದ ವಾಪಸು ತಂದರು.

ತೃಪ್ತಿಯಾಗದವರು ಒಬ್ಬರೇ. ಗಡಿಯಾರದವರು ಊರಿಂದ ಬಂದು, ಓದಿ, ಗೋಂದಣ್ಣನನ್ನು ಹಿಂದಿನ ಕೋಣೆಯಿಂದ ಕರೆದು, ಪುಸ್ತಕವನ್ನು ಕೌಂಟರಿನ ಮೇಲೆ ತೆರೆದಿಟ್ಟರು. ಒಂಬತ್ತನೆಯ ಅಧ್ಯಾಯದಲ್ಲಿ ಹಜಾರದ ಗೋಡೆ ಗಡಿಯಾರದ ಮಾತು ಬರುತ್ತದೆ. ದಿನಾ ಸಂಜೆ ಅದಕ್ಕೆ ಕೀಲಿ ಕೊಡಬೇಕು. ಕೀಲಿಯನ್ನು ಅಕ್ಕ ಎಲ್ಲೋ ಬಚ್ಚಿಡುತ್ತಾಳೆ. ಕೊಲೆಯಾದ ಸಂಜೆ ಮನೆಯಲ್ಲಿ ಯಜಮಾನನ ಹೊರತು ಯಾರೂ ಇರಲಿಲ್ಲ ಎನ್ನುತ್ತಾರೆ, ಆದರೆ ಗಡಿಯಾರಕ್ಕೆ ಕೀಲಿ ಕೊಟ್ಟಾಗಿತ್ತು.

“ಕೊಲೆ ಮಾಡಿದವರೇ ಅಭ್ಯಾಸಬಲದಿಂದ ಕೀಲಿ ಕೊಟ್ಟಿದಾರೆ. ವಾರಕ್ಕೊಂದು ಸಲ ಬರೋ ಡಾಕ್ಟರಿಗೆ ಆ ಕೀಲಿ ಎಲ್ಲಿದೆ ಅಂತ ಹೇಗಪ್ಪಾ ಗೊತ್ತು? ಕೊಂದಿದ್ದು ಅಕ್ಕ. ನೀನು ಇದನ್ನ ಯಾವ ಪ್ರತಿ ನೋಡಿ ಬರೆದೆ?” ಎಂದರು.

ಸಿನಿಮಾದಲ್ಲಿ ಆ ಗಡಿಯಾರವೇ ಇರಲಿಲ್ಲ. ಅದರ ಬದಲು ಒಂದು ಒಡೆದ ಔಷಧಿ ಸೀಸೆ ಇತ್ತು, ಡಾಕ್ಟರ ಪಾತ್ರಕ್ಕೆ ಹೆಸರಾಂತ ನಟನಿದ್ದ. ಗೋಂದಣ್ಣನಿಗೆ ತನ್ನ ತಪ್ಪು ಆ ಕ್ಷಣಕ್ಕೇ ಹೊಳೆದಿರಬೇಕು. ಆದರೆ ಸುತ್ತ ಏಳೆಂಟು ಓದುಗರು ನಿಂತಿದ್ದರು. ಪಕ್ಕದೂರಿನ ಪ್ರತಿ ನೋಡಿಯೇ ಬರೆದದ್ದು ಎಂದು ಹಸಿ ಸುಳ್ಳು ಹೇಳಿದ. ಅಷ್ಟಕ್ಕೇ ಬಿಡಲಿಲ್ಲ.

“ನೀವು ಗಡಿಯಾರ ರಿಪೇರಿ ಮಾಡ್ಕೊಂಡಿರಿ. ಪುಸ್ತಕದ ವಿಷಯ ನನಗೆ ಬಿಡಿ.”

ಯಾರೋ ಕಿಸಕ್ಕನೆ ನಕ್ಕರು. ಗಡಿಯಾರದವರು ಜೇಬಿನಿಂದ ಲೈಬ್ರರಿ ಕಾರ್ಡು ತೆಗೆದು ನನ್ನ ಮುಂದಿಟ್ಟು ಹೊರಟುಹೋದರು. ಬೀದಿಯ ಅಗಲ ಇಪ್ಪತ್ತು ಹೆಜ್ಜೆ. ಅದನ್ನು ಇವನೂ ದಾಟಲಿಲ್ಲ, ಅವರೂ ದಾಟಲಿಲ್ಲ, ಒಂಬತ್ತು ವರ್ಷ. ಗೋಂದಣ್ಣನ ಕೈಗಡಿಯಾರ ನಿಂತರೆ ಬಸ್ಸು ಹತ್ತಿ ಪಕ್ಕದೂರಿಗೆ ಹೋಗಿ ರಿಪೇರಿ ಮಾಡಿಸುತ್ತಿದ್ದ. ಸಿನಿಮಾ ನೋಡುವುದನ್ನೇ ಬಿಟ್ಟ. ನೋಡಿ ಬಂದು ಯಾರ ಹತ್ತಿರ ಜಗಳ ಆಡಲಿ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದ.

ಆಮೇಲೆ ಆ ಕಾದಂಬರಿಯ ಹೊಸ ಮುದ್ರಣ ಬಂತು. ಕಟ್ಟು ಬಿಚ್ಚಿದವಳು ನಾನೇ. ಗೋಂದಣ್ಣ ನಿಂತಲ್ಲೇ ಕೊನೆಯ ಪುಟಗಳನ್ನು ಓದಿದ. ಕೀಲಿ, ಗಡಿಯಾರ, ಅಕ್ಕ. ಗಡಿಯಾರದವರು ಹೇಳಿದ್ದು ಅಕ್ಷರ ಅಕ್ಷರವೂ ಸರಿ. ಹಿಂದಿನ ಕೋಣೆಗೆ ಕರೆದು, ಆ ಮೂರು ಆಟಗಳ ಕತೆಯನ್ನು ಅವತ್ತು ನನಗೆ ಒಪ್ಪಿಸಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಸಹಿ ನಂಬಿ ಆ ಪುಸ್ತಕವನ್ನು ಎಷ್ಟು ಜನರ ಕೈಗೆ ಕೊಟ್ಟಿದ್ದೇನೋ! ಅದಕ್ಕಿಂತ ಹೆಚ್ಚಾಗಿ, ಸರಿ ಹೇಳಿದ ಮನುಷ್ಯ ನನ್ನ ಕೌಂಟರಿನ ಮುಂದೆಯೇ ನಗೆಪಾಟಲಾಗಿದ್ದ.

ಇನ್ನು ಹೋಗಿ ಏನು ಪ್ರಯೋಜನ, ಮುಖಕ್ಕೆ ಉಗಿದು ಕಳಿಸುತ್ತಾರೆ ಎಂದು ಗೋಂದಣ್ಣ ಎರಡು ವಾರ ಮೀನಮೇಷ ಎಣಿಸಿದ. ಉಗಿದರೆ ಒರೆಸಿಕೊಂಡು ಬಾ ಎಂದೆ. ಗಡಿಯಾರದವರಿಗೆ ಅರವತ್ತನಾಲ್ಕಾಗಿತ್ತು, ಆ ವರ್ಷ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದರು. ಇವನು ಹೀಗೇ ಕೂತರೆ ಕ್ಷಮೆ ಕೇಳಲು ಎದುರಿಗೆ ಆಳೇ ಇರುವುದಿಲ್ಲ ಎಂಬ ಭಯ ನನಗೆ. ಕೊನೆಗೆ ಒಂದು ಬೆಳಿಗ್ಗೆ ಕೌಂಟರನ್ನು ಸಹಾಯಕಿಗೆ ಒಪ್ಪಿಸಿ, ಅವನನ್ನು ಮುಂದೆ ಮಾಡಿಕೊಂಡು ನಾನೇ ಬೀದಿ ದಾಟಿಸಿದೆ.

ಗಡಿಯಾರದವರು ಒಂದು ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದರು. ಬಡಕಲಾಗಿದ್ದರು. ಗೋಂದಣ್ಣ ಹೊಸ ಪುಸ್ತಕವನ್ನು ಅವರ ಮುಂದಿಟ್ಟು, ಎಲ್ಲವನ್ನೂ ಹೇಳಿದ. ಸಿನಿಮಾ ನೋಡಿ ಬರೆದದ್ದು, ಅಂದು ಎಲ್ಲರೆದುರು ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ.

ಅವರು ಪುಸ್ತಕ ತೆರೆಯಲೇ ಇಲ್ಲ.

“ಇದು ನನ್ನ ಹತ್ರ ಇದೆ. ಜಗಳ ಆಗಿ ತಿಂಗಳೊಳಗೇ ನನ್ನ ಭಾವ ಎಲ್ಲಿಂದಲೋ ಒಂದು ಹಳೇ ಪ್ರತಿ ಕಳಿಸಿದ್ದ” ಎಂದರು.

ಹಾಗಾದರೆ ಅವತ್ತೇ ತಂದು ಎಲ್ಲರೆದುರು ನನ್ನ ಮುಖಕ್ಕೆ ಹಿಡಿಯಬಾರದಿತ್ತೇ ಎಂದು ಗೋಂದಣ್ಣ ಕೇಳಿದ.

“ತಂದಿದ್ರೆ ನಿನ್ನ ಮರ್ಯಾದೆ ಹೋಗ್ತಿತ್ತು, ಆಮೇಲೆ ನೀನು ನನ್ನ ಹತ್ರ ಬರ್ತಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ. ಸುಮ್ಮನಿದ್ರೂ ನೀನು ಬರಲಿಲ್ಲ.”

ಗೋಂದಣ್ಣ ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಐವತ್ತೆಂಟು ವರ್ಷದ ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಗಡಿಯಾರದವರು ಮಾತ್ರ ಏನೂ ಆಗದವರಂತೆ, ಅವನ ತೋಳಿನ ಕೆಳಗೆ ಸಿಕ್ಕಿಕೊಂಡ ಸಣ್ಣ ಸಣ್ಣ ಚಕ್ರಗಳನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಒಂದು ಕಡಿಮೆ ಬಂತು. ತಲೆ ಎತ್ತಪ್ಪಾ ಎಂದು ಹೇಳಿ, ಅವನ ಒದ್ದೆ ಕೆನ್ನೆಗೆ ಅಂಟಿಕೊಂಡಿದ್ದ ಅದನ್ನು ಮೆಲ್ಲಗೆ ತೆಗೆದುಕೊಂಡರು.