ತೊಳೆದ ಎಲೆಗಳು

ಆ ದಿನ ಮೋಡ ಕವಿದಿತ್ತು ಎಂದು ಬರೆದು ಹೊಡೆದುಹಾಕಿದೆ. ಹೆದರಿದ ದಿನಗಳ ಮೇಲೆಲ್ಲ ಆಮೇಲೆ ಮೋಡ ಹೊದಿಸುವ ಚಾಳಿ ನನಗಿದೆ. ಎಲೆಗಳು ಮಾತ್ರ ನಿಜ: ಏಳೋ ಎಂಟೋ ದ್ರಾಕ್ಷಿ ಎಲೆ, ಒಗೆದ ಪಂಚೆಯ ತುಂಡಿನಲ್ಲಿ ಸುತ್ತಿದ್ದವು.

ಐವತ್ತರ ದಶಕದ ನಡುವೆ ಎಲ್ಲೋ. ಸಸ್ಯರೋಗದ ಪ್ರಯೋಗಾಲಯಕ್ಕೆ ನಾನು ಹೊಸ ಸಹಾಯಕ. ಮೇಲಿನವರು ರಜೆಯಲ್ಲಿದ್ದರು. ಎಲೆ ತಂದವನು ಕೆಂಗೇರಿಯ ತೋಟದವನು.

"ಗೊಂಚಲು ಕಟ್ಟೈತೆ ಸಾಮಿ, ಈಗ ಎಲೆ ಮುದುರ್ಕೊಳ್ತಾ ಐತೆ. ಗಂಧಕ ಎರಚ್ಲೋ, ಮೈಲುತುತ್ತ ಹೊಡೀಲೋ? ಎರಡೂ ಮನೇಲೈತೆ. ಅದೊಂದು ಹೇಳ್ಬುಡಿ."

ಪ್ರಶ್ನೆ ಅಷ್ಟೇ. ಬೂದಿರೋಗವಾದರೆ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತಿರುತ್ತದೆ, ಗಂಧಕಕ್ಕೆ ಅಡಗುತ್ತದೆ. ಬೂಜುರೋಗ ಎಲೆಯ ಅಡಿಯಲ್ಲಿ ಹತ್ತಿಯಂತೆ ಹಬ್ಬುತ್ತದೆ, ಅದಕ್ಕೆ ಸುಣ್ಣ ಬೆರೆಸಿದ ಮೈಲುತುತ್ತವೇ ಬೇಕು. ಮದ್ದು ತಪ್ಪಿದರೆ ಆ ವರ್ಷದ ಗೊಂಚಲುಗಳ ಆಸೆ ಬಿಟ್ಟಂತೆ.

ಸೂಕ್ಷ್ಮದರ್ಶಕದಲ್ಲಿ ಕಂದು ಕಲೆಗಳು ಕಂಡವು. ರೋಗ ಯಾವುದೆಂದು ಹೇಳುವ ಬೀಜಕಣ ಒಂದೂ ಇಲ್ಲ. ಮತ್ತೊಂದು ಎಲೆ ಇಟ್ಟೆ. ಅದೂ ಹಾಗೆಯೇ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹಿಂದಿನ ವಾರ ಮಳೆಯಾಗಿತ್ತು. ಮಳೆಯ ಬೆನ್ನಿಗೆ ಬೂಜು ಎಂದು ಓದಿದ್ದೆ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ "ಮೈಲುತುತ್ತ" ಎಂದೆ.

ಅವನು ಬಟ್ಟೆ ಮಡಚುತ್ತ, "ನೋಡಕ್ಕೆ ಅನುಕೂಲ ಆಯ್ತಾ ಸಾಮಿ? ನಮ್ಮನೆಯೋಳು ಸೀಗೆಪುಡಿ ಹಾಕಿ ತಿಕ್ಕಿ ತೊಳೆದವ್ಳೆ. ಆಪೀಸಿಗೆ ಗಲೀಜು ತಗೊಂಡೋಗ್ಬಾರ್ದು ಅಂತ" ಎಂದ.

ನಕ್ಕು ತಲೆಯಾಡಿಸಿದೆ. ಮಧ್ಯಾಹ್ನ ಊಟದ ಡಬ್ಬಿ ತೊಳೆಯುವಾಗ ಆ ಮಾತು ಅರ್ಥವಾಯಿತು. ನಾನು ಓದಬೇಕಾಗಿದ್ದುದನ್ನೇ ಅವಳು ಗೌರವದಿಂದ ತೊಳೆದು ಕಳಿಸಿದ್ದಳು.

ಸೈಕಲ್ಲು ಹತ್ತಿದೆ. ನಾಯಂಡಹಳ್ಳಿಯ ಹತ್ತಿರ ಚೈನು ಕಳಚಿತು. ಅದು ಬೇರೊಂದು ದಿನವೂ ಇರಬಹುದು. ಅವನು ಈಗ ಸುಣ್ಣ ಕಲಸುತ್ತಿರಬೇಕು, ಈಗ ಸೋಸುತ್ತಿರಬೇಕು ಎಂದು ಪ್ರತಿ ತುಳಿತಕ್ಕೂ ಲೆಕ್ಕ ಹಾಕಿದ್ದಂತೂ ಅಂದೇ.

ತೋಟದಲ್ಲಿ ಎರಡು ಸಾಲು ಆಗಲೇ ನೀಲಿಯಾಗಿದ್ದವು. ಅವನ ಹೆಂಡತಿ ಸುಣ್ಣದ ಮಡಕೆ ಹಿಡಿದು ನಿಂತಿದ್ದಳು.

"ಇದೇನ್ ಸಾಮಿ ಹಿಂಗೆ ಏದುಸಿರು? ಹೋರಿ ಏನಾರ ಅಟ್ಟಿಸ್ಕೊಂಡು ಬಂತಾ?"

ಮೂರನೆಯ ಸಾಲಿನ ಎಲೆಯೊಂದನ್ನು ಹೆಬ್ಬೆರಳಿನಿಂದ ಒರೆಸಿದೆ. ಬೆರಳು ಬೆಳ್ಳಗಾಯಿತು. ಬೂದಿರೋಗ. ಗೊಂಚಲಿನ ಕಾಯಿಗಳ ಮೇಲೂ ಅದೇ ಹಿಟ್ಟು. ಸಂಜೆಯೊಳಗೆ ಮೂವರೂ ಸೇರಿ ಎಲ್ಲ ಸಾಲುಗಳಿಗೂ ಗಂಧಕ ಎರಚಿದೆವು.

"ತಪ್ಪು ನನ್ನದು" ಎಂದು ಅಲ್ಲಿ ಒಪ್ಪಿಕೊಂಡೆ. ಎಷ್ಟೋ ಜನರಿಗೆ ಈ ಕಥೆಯನ್ನು ಹಾಗೆಯೇ ಹೇಳಿದ್ದೇನೆ.

ಆದರೆ ಒಂದು ತಿಂಗಳಾದ ಮೇಲೆ ಅವನು ಮತ್ತೆ ಬಂದ. ಅರ್ಧದಷ್ಟು ಗೊಂಚಲು ಉಳಿದಿದ್ದವಂತೆ. ಇನ್ನೊಂದು ಮೂಲೆಯಲ್ಲಿ ಏನೋ ಚುಕ್ಕೆ ಎಂದು ಮಣ್ಣು ಮೆತ್ತಿದ ಎಲೆಗಳನ್ನು ನನ್ನ ಮೇಜಿನ ಮೇಲಿಟ್ಟ.

"ಈ ಸಲ ನಾನು ಮುಟ್ಟೇ ಇಲ್ಲ ಅಂತ ಹೇಳಿ, ಹೋದ್ಸಲದಂಗೆ ಬಯ್ಯೋದು ಬ್ಯಾಡ ಅಂತ ಹೇಳಿ ಅಂದವ್ಳೆ ಸಾಮಿ, ನಮ್ಮನೆಯೋಳು."